ಧ್ವನಿಯ ಕಮ್ಮಟ

ಲಾಸ್ ಏಂಜಲಿಸ್ ಮಹಾನಗರದ ವಾಯವ್ಯ ಅಂಚಿನಲ್ಲಿ, ಸಾನ್ ಫರ್ನಾಂಡೊ ಕಣಿವೆಯ ವಿಶಾಲವಾದ ಬಯಲು ಮುಗಿದು ಸಾಂತಾ ಸುಸಾನಾ ಪರ್ವತಗಳ ಏರು ಮೊದಲಾಗುವೆಡೆಯಲ್ಲಿ, ಕಂದುಬಣ್ಣದ ಮರಳುಗಲ್ಲಿನ ಹೆಬ್ಬಂಡೆಗಳ ಮಗ್ಗುಲಿಗೆ ನೆಲೆಸಿರುವ ಚಾಟ್ಸ್‌ವರ್ತ್ ಎಂಬ ಬಡಾವಣೆಯು, ಅಮೆರಿಕಕ್ಕೆ ಪ್ರವಾಸ ಹೋಗುವ ಕನ್ನಡಿಗರ ದರ್ಶನೀಯ ಸ್ಥಳಗಳ ಪಟ್ಟಿಯಲ್ಲಿ ಸಾಮಾನ್ಯವಾಗಿ ಸೇರತಕ್ಕದ್ದಲ್ಲ. ಆದರೂ, ಇಪ್ಪತ್ತನೆಯ ಶತಮಾನದಲ್ಲಿ ಯಂತ್ರದ ಮೂಲಕ ಮನುಷ್ಯನ ಕಿವಿಗೆ ಬಂದ ಶಬ್ದದ ಚರಿತ್ರೆಯನ್ನು ಬರೆಯುವವನು ಈ ಬಡಾವಣೆಯನ್ನೂ, ಇದರ ಪೂರ್ವಕ್ಕೆ ಹೊಂದಿಕೊಂಡಿರುವ ನಾರ್ತ್‌ರಿಡ್ಜನ್ನೂ ಬಿಟ್ಟು ಮುಂದೆ ಹೋಗಲಾರ. ಇಲ್ಲಿಯ ಬಂಡೆಗಳ ನಡುವೆ, ಐವರ್ಸನ್ ರಾಂಚ್ ಎಂಬ ಎಡೆಯಲ್ಲಿ, ಕುದುರೆ ಸವಾರರ ಸಾಹಸವನ್ನು ತೋರಿಸುವ ನೂರಾರು ಚಲನಚಿತ್ರಗಳ ಚಿತ್ರೀಕರಣ ನಡೆಯಿತು. ಪಶ್ಚಿಮದ ಸಿಮಿ ಬೆಟ್ಟಗಳ ಮೇಲೆ ರಾಕೆಟ್‌ಡೈನ್ ಸಂಸ್ಥೆಯು ತನ್ನ ಎಂಜಿನ್ನುಗಳನ್ನು ಉರಿಸಿ ಪರೀಕ್ಷಿಸುತ್ತಿದ್ದ ಕಾಲದಲ್ಲಿ ಆ ಗರ್ಜನೆ ಕಣಿವೆಯ ಮನೆಗಳಿಗೂ ಕೇಳಿಸುತ್ತಿತ್ತು. ಒಂದು ಕಡೆ ಧ್ವನಿಯನ್ನು ಬೇಡುವ ಚಲನಚಿತ್ರೋದ್ಯಮ, ಇನ್ನೊಂದು ಕಡೆ ಕಾಂತಕ್ಷೇತ್ರವನ್ನೂ ಲೋಹವನ್ನೂ ವಿದ್ಯುನ್ಮಂಡಲವನ್ನೂ ಬಲ್ಲ ವಿಮಾನ ಮತ್ತು ಕ್ಷಿಪಣಿ ಕಾರ್ಖಾನೆಗಳ ತಂತ್ರಜ್ಞರು. ಈ ಎರಡರ ಸಂಗಮದಲ್ಲಿ ಧ್ವನಿವರ್ಧಕದ ಉದ್ಯಮವು ಇಲ್ಲಿ ಬೇರುಬಿಟ್ಟಿತು.

ಆರ್ನಾಲ್ಡ್ ನ್ಯೂಡೆಲ್ ಎಂಬ ಭೌತವಿಜ್ಞಾನಿಯು ಲಿಟನ್ ಸಂಸ್ಥೆಯಲ್ಲಿ ಉದ್ಯೋಗಿಯಾಗಿದ್ದವನು. 1968ರಲ್ಲಿ ಅವನು ಜಾನ್ ಉಲ್ರಿಕ್, ಕ್ಯಾರಿ ಕ್ರಿಸ್ಟಿ ಎಂಬವರೊಡಗೂಡಿ ಇನ್ಫಿನಿಟಿ ಎಂಬ ಸಂಸ್ಥೆಯನ್ನು ಸ್ಥಾಪಿಸಿದನು. ಧ್ವನಿವರ್ಧಕದ ಶಂಕುವು ಹೇಗೆ ಚಲಿಸುತ್ತಿದೆಯೆಂಬುದನ್ನು ಕ್ಷಣಕ್ಷಣವೂ ಗ್ರಹಿಸಿ, ತಪ್ಪಿದ್ದರೆ ಒಡನೆಯೇ ತಿದ್ದುವ ಸರ್ವೋ ವಿಧಾನವನ್ನು ಅವರು ತಮ್ಮ ಮೊದಲ ಉಪಕರಣದಲ್ಲಿಯೇ ಅಳವಡಿಸಿದರು. ಆ ಸಂಸ್ಥೆ ಮುಂದೆ ಚಾಟ್ಸ್‌ವರ್ತಿನ ಓವೆನ್ಸ್‌ಮೌತ್ ಅವೆನ್ಯೂವಿನಲ್ಲಿ ನೆಲೆಗೊಂಡಿತು. ಸಿನಿಮಾ ಮಂದಿರಗಳಿಗೂ ಧ್ವನಿಮುದ್ರಣಾಲಯಗಳಿಗೂ ಬೇಕಾದ ವೃತ್ತಿಪರ ಧ್ವನಿವರ್ಧಕಗಳಿಗೆ ಜಗತ್ಪ್ರಸಿದ್ಧವಾದ ಜೆಬಿಎಲ್ 1977ರಲ್ಲಿ ಪಕ್ಕದ ನಾರ್ತ್‌ರಿಡ್ಜಿಗೆ ಬಂದಿತು. ಎರಡೂ ಕಾಲಕ್ರಮದಲ್ಲಿ ಹರ್ಮನ್ ಎಂಬ ಒಂದೇ ಸಂಸ್ಥೆಯ ಆಶ್ರಯಕ್ಕೆ ಸೇರಿದುವು.

ಧ್ವನಿವರ್ಧಕವು ಕ್ಯಾಲಿಫೋರ್ನಿಯದ ಜನಜೀವನಕ್ಕೆ ಪ್ರವೇಶಿಸಿದ್ದು ಇದಕ್ಕಿಂತ ಅರ್ಧ ಶತಮಾನ ಮುಂಚೆ. ಡೆನ್ಮಾರ್ಕಿನಿಂದ ವಲಸೆ ಬಂದ ಪೀಟರ್ ಜೆನ್‌ಸನ್ ಮತ್ತು ಅವನ ಸಹೋದ್ಯೋಗಿ ಎಡ್ವಿನ್ ಪ್ರಿಡಮ್ ಇಬ್ಬರೂ ಆ ಪ್ರಾಂತದ ನಾಪಾ ಎಂಬ ಊರಿನಲ್ಲಿ, ಕಾಂತಕ್ಷೇತ್ರದಲ್ಲಿ ಚಲಿಸುವ ಸುರುಳಿಯೊಂದಕ್ಕೆ ಕಹಳೆಯನ್ನು ಜೋಡಿಸಿ ಮ್ಯಾಗ್ನವಾಕ್ಸ್ ಎಂಬ ಉಪಕರಣವನ್ನು ರೂಪಿಸಿ, 1915ರ ಕ್ರಿಸ್ಮಸ್ಸಿನ ಮುನ್ನಾದಿನ ಸಾನ್ ಫ್ರಾನ್ಸಿಸ್ಕೋದ ನಗರಭವನದ ಮುಂದೆ ನೆರೆದ ಜನಸಮುದ್ರಕ್ಕೆ ಸಂಗೀತವನ್ನು ಕೇಳಿಸಿದರು. 1919ರ ಸೆಪ್ಟೆಂಬರ್ 19ರಂದು ಅಧ್ಯಕ್ಷ ವುಡ್ರೋ ವಿಲ್ಸನ್, ರಾಷ್ಟ್ರಸಂಘದ ಪರವಾಗಿ ದೇಶವನ್ನು ಸುತ್ತುತ್ತ ಸಾನ್ ಡಿಯಾಗೊ ನಗರಕ್ಕೆ ಬಂದಾಗ, ಅಲ್ಲಿಯ ಕ್ರೀಡಾಂಗಣದಲ್ಲಿ ಗಾಜಿನ ಕೋಣೆಯೊಂದರೊಳಗೆ ನಿಂತು, ಸುಮಾರು 50,000 ಮಂದಿಗೆ ಈ ಉಪಕರಣದ ಮೂಲಕ ಭಾಷಣ ಮಾಡಿದನು. ಅಲ್ಲಿಯವರೆಗೆ ಸಭೆಯ ವಿಸ್ತಾರಕ್ಕೆ ವಾಗ್ಮಿಯ ಕಂಠವೇ ಎಲ್ಲೆಯಾಗಿದ್ದಿತು. ಅಂದಿನಿಂದ ಆ ಎಲ್ಲೆ ಇಲ್ಲವಾಯಿತು. ನಮ್ಮ ನಾಡಿನ ಸ್ವಾತಂತ್ರ್ಯ ಸಂಗ್ರಾಮದ ಮಹಾಸಭೆಗಳಾಗಲಿ, ಕರಾವಳಿಯ ಬಯಲಿನಲ್ಲಿ ಬೆಳಗಿನವರೆಗೆ ನಡೆಯುವ ಯಕ್ಷಗಾನವನ್ನು ಹಿಂದಿನ ಸಾಲಿನವನೂ ಕೇಳುವಂತಾದುದಾಗಲಿ, ಈ ಬದಲಾವಣೆಯ ಫಲಗಳೇ.

ಇಂದಿಗೂ ನಮ್ಮ ಮನೆಗಳಲ್ಲಿರುವ ಶಂಕುರೂಪದ ಧ್ವನಿವರ್ಧಕದ ಸಿದ್ಧಾಂತವನ್ನು ಜನರಲ್ ಎಲೆಕ್ಟ್ರಿಕ್ ಸಂಸ್ಥೆಯ ಚೆಸ್ಟರ್ ರೈಸ್ ಮತ್ತು ಎಡ್ವರ್ಡ್ ಕೆಲಾಗ್ ಎಂಬವರು 1925ರಲ್ಲಿ ಪ್ರಕಟಿಸಿದರು. ಎರಡು ವರ್ಷಗಳ ತರುವಾಯ ಚಲನಚಿತ್ರವು ಮಾತನಾಡಲು ಕಲಿತಿತು. ಅದೇ 1927ರಲ್ಲಿ ಜೇಮ್ಸ್ ಲ್ಯಾನ್ಸಿಂಗ್ ಎಂಬ ಇಪ್ಪತ್ತೈದು ವರ್ಷದ ಯುವಕನು ಲಾಸ್ ಏಂಜಲಿಸಿನಲ್ಲಿ ಲ್ಯಾನ್ಸಿಂಗ್ ಮ್ಯಾನುಫ್ಯಾಕ್ಚರಿಂಗ್ ಕಂಪನಿಯನ್ನು ಆರಂಭಿಸಿದನು. ಇಲಿನಾಯ್ ಸಂಸ್ಥಾನದಲ್ಲಿ ಜೇಮ್ಸ್ ಮಾರ್ಟಿನಿ ಎಂಬ ಹೆಸರಿನಿಂದ ಹುಟ್ಟಿ, ದೊಡ್ಡವನಾದ ಮೇಲೆ ಹೊಸ ಹೆಸರನ್ನು ತಾನೇ ಇಟ್ಟುಕೊಂಡ ಈತನು ಲೋಹವನ್ನು ಕೈಯಲ್ಲಿ ಹಿಡಿದೇ ಅದರ ಗುಣವನ್ನು ಅರಿಯಬಲ್ಲ ಕುಶಲಕರ್ಮಿ.

ಆ ಕಾಲದ ಸಿನಿಮಾ ಮಂದಿರಗಳ ಧ್ವನಿಯಲ್ಲಿ ಒಂದು ವಿಚಿತ್ರವಾದ ದೋಷವಿದ್ದಿತು. ತಗ್ಗುಸ್ವರಗಳಿಗೆ ಒಂದು ಉದ್ದವಾದ ಕಹಳೆ, ಹೆಚ್ಚುಸ್ವರಗಳಿಗೆ ಒಂದು ಗಿಡ್ಡ ಕಹಳೆ. ಉದ್ದವಾದುದರೊಳಗಿಂದ ಬರುವ ಶಬ್ದವು ಹೆಚ್ಚು ದಾರಿಯನ್ನು ಕ್ರಮಿಸಬೇಕಾದುದರಿಂದ ತಡವಾಗಿ ಹೊರಡುತ್ತಿತ್ತು. ಶಬ್ದವು ಗಾಳಿಯಲ್ಲಿ ಸೆಕೆಂಡಿಗೆ ಸುಮಾರು 343 ಮೀಟರ್ ಸಾಗುತ್ತದೆಯಾಗಿ ಒಂದೊಂದು ಮೀಟರಿಗೂ ಸುಮಾರು 3 ಮಿಲಿಸೆಕೆಂಡು ಬೇಕು. ಇಷ್ಟು ಅಲ್ಪವಾದ ಕಾಲವನ್ನು ಕಿವಿ ಎಣಿಸೀತೇ ಎಂದು ಯಾರಾದರೂ ಕೇಳಬಹುದು. ಸಂಗೀತದ ಎಳೆದ ಸ್ವರದಲ್ಲಿ ಎಣಿಸದು. ಆದರೆ ನರ್ತಕಿಯ ಪಾದರಕ್ಷೆ ಹಲಗೆಗೆ ತಗುಲುವ ಚುರುಕಾದ ಸಪ್ಪಳದಲ್ಲಿ, ದಾರಿಯ ಅಂತರ ಕೆಲವು ಅಡಿಗಳಾದರೂ ಸಾಕು, ಒಂದು ಹೆಜ್ಜೆ ಎರಡಾಗಿ ಕೇಳಿಸುತ್ತದೆ. ಎಂಜಿಎಂ ಚಿತ್ರಸಂಸ್ಥೆಯ ಧ್ವನಿವಿಭಾಗದ ಮುಖ್ಯಸ್ಥನಾದ ಡಗ್ಲಸ್ ಶಿಯರರ್, ಅವನ ಸಹಾಯಕ ಜಾನ್ ಹಿಲ್ಯರ್ಡ್, ಇವರೊಡನೆ ಲ್ಯಾನ್ಸಿಂಗನೂ ಅವನ ಎಂಜಿನಿಯರುಗಳೂ ಸೇರಿ, ಎರಡು ಕಹಳೆಗಳಿಂದಲೂ ಶಬ್ದ ಒಟ್ಟಿಗೆ ಹೊರಡುವಂತೆ ಅವುಗಳ ಉದ್ದಗಳನ್ನು ಹೊಂದಿಸಿ ಹೊಸದೊಂದು ವ್ಯವಸ್ಥೆಯನ್ನು ನಿರ್ಮಿಸಿದರು. 1936ನೆಯ ಸಾಲಿನ ಚಲನಚಿತ್ರ ಅಕಾಡೆಮಿಯ ತಾಂತ್ರಿಕ ಪುರಸ್ಕಾರವು ಅದಕ್ಕೆ ಸಂದಿತು. ಕನ್ನಡದ ಮೊದಲ ವಾಕ್ಚಿತ್ರವಾದ ‘ಸತಿ ಸುಲೋಚನಾ’ ತೆರೆಕಂಡದ್ದು 1934ರಲ್ಲಿ. ನಮ್ಮ ನಟರು ತೆರೆಯ ಮೇಲೆ ಮಾತನಾಡತೊಡಗಿದ ಆ ವರ್ಷಗಳಲ್ಲಿಯೇ ಭೂಮಂಡಲದ ಈ ಬದಿಯಲ್ಲಿ ತೆರೆಯ ಹಿಂದಿನ ಶಬ್ದವನ್ನು ತಿದ್ದುವ ಕೆಲಸ ಸಾಗಿತ್ತು.

ಲ್ಯಾನ್ಸಿಂಗನ ಬಾಳು ಸುಖಾಂತವಾಗಲಿಲ್ಲ. 1941ರಲ್ಲಿ ಅವನ ಸಂಸ್ಥೆಯನ್ನು ಆಲ್ಟೆಕ್ ಎಂಬ ಕಂಪನಿ ಕೊಂಡುಕೊಂಡಿತು. ಐದು ವರ್ಷ ಅಲ್ಲಿ ದುಡಿದು, 1946ರಲ್ಲಿ ಹೊರಬಂದು, ಮತ್ತೆ ತನ್ನದೇ ಒಂದು ಸಂಸ್ಥೆಯನ್ನು ತೆರೆದು, ಸಾಲದ ಹೊರೆಯಲ್ಲಿ ನಲುಗಿ, 1949ರ ಸೆಪ್ಟೆಂಬರಿನಲ್ಲಿ, ನಲವತ್ತೇಳರ ವಯಸ್ಸಿನಲ್ಲಿ ಅವನು ಆತ್ಮಹತ್ಯೆ ಮಾಡಿಕೊಂಡನು. ಅವನ ಹೆಸರಿನ ಮೂರು ಆದ್ಯಕ್ಷರಗಳು ಮಾತ್ರ ಉಳಿದು ಜೆಬಿಎಲ್ ಎಂಬ ಮುದ್ರೆಯಾದುವು. ಆದರೆ ಅವನು ರೂಪಿಸಿದ ಒಂದು ಸುರುಳಿಯು ಮುಂದಿನ ತಲೆಮಾರುಗಳ ಕಾರ್ಖಾನೆಗಳಲ್ಲಿಯೂ ಸುತ್ತಲ್ಪಡುತ್ತಿದೆ. ಧ್ವನಿವರ್ಧಕದ ಕಾರ್ಖಾನೆಯನ್ನು ನೋಡಹೋದವರು ಮೊದಲು ನಿಂತು ನೋಡಬೇಕಾದುದೂ ಅದನ್ನೇ.

ಕಾರ್ಖಾನೆಯ ಆ ಭಾಗದಲ್ಲಿ ಗದ್ದಲವಿರುವುದಿಲ್ಲ. ತಿರುಗುವ ಉರುಳೆಯೊಂದರ ಮೇಲೆ, ಅಂಟು ಸವರಿದ ತಂತಿಯು ಒಂದರ ಪಕ್ಕಕ್ಕೊಂದು ಸುತ್ತಾಗಿ ಕೂಡುತ್ತ ಹೋಗುತ್ತದೆ. ಸಾಮಾನ್ಯವಾದ ಸುರುಳಿಗಳಲ್ಲಿ ತಂತಿ ದುಂಡಗಿರುತ್ತದೆ. ದುಂಡು ತಂತಿಗಳನ್ನು ಎಷ್ಟೇ ಒತ್ತಾಗಿ ಸುತ್ತಿದರೂ ನಡುವೆ ಖಾಲಿ ಜಾಗ ಉಳಿಯುತ್ತದೆ. ಚೌಕವೊಂದರೊಳಗೆ ಬರೆದ ವೃತ್ತವು ಆ ಚೌಕದ ಶೇಕಡಾ 78.5 ಭಾಗವನ್ನಷ್ಟೆ ತುಂಬಬಲ್ಲದು ಎಂಬುದು ಶಾಲೆಯ ರೇಖಾಗಣಿತವೇ. ಲ್ಯಾನ್ಸಿಂಗನು ತಂತಿಯನ್ನು ಚಪ್ಪಟೆಯಾದ ಪಟ್ಟಿಯನ್ನಾಗಿ ಮಾಡಿ, ಅದನ್ನು ಅಂಚಿನ ಮೇಲೆ ನಿಲ್ಲಿಸಿ ಸುತ್ತಿದನು. ಹೀಗೆ ಮಾಡಿದಾಗ ಅಷ್ಟೇ ಕಿರಿದಾದ ಎಡೆಯಲ್ಲಿ ಹೆಚ್ಚು ಲೋಹ ಹಿಡಿಸುತ್ತದೆ. 1940ರ ದಶಕದ ಕೊನೆಯಲ್ಲಿ ಅವನು ಹೊರತಂದ ಡಿ–130 ಎಂಬ ಹದಿನೈದು ಅಂಗುಲದ ಧ್ವನಿವರ್ಧಕದಲ್ಲಿ ಈ ಬಗೆಯ, ನಾಲ್ಕು ಅಂಗುಲ ವ್ಯಾಸದ ಅಲ್ಯುಮಿನಿಯಂ ಸುರುಳಿಯಿದ್ದಿತು. ಮುಂದೆ ಗಿಟಾರು ವಾದಕರು ಅದನ್ನು ಬಹುವಾಗಿ ಮೆಚ್ಚಿಕೊಂಡರು.

ಕಿರಿದಾದ ಎಡೆಗೆ ಇಷ್ಟೊಂದು ಬೆಲೆಯೇಕೆ? ಅಯಸ್ಕಾಂತದ ಎರಡು ಧ್ರುವಗಳ ನಡುವಣ ಉಂಗುರಾಕಾರದ ಸಂದಿಯಲ್ಲಿ ಈ ಸುರುಳಿಯು ಯಾವ ಗೋಡೆಗೂ ತಗುಲದಂತೆ ತೂಗಿಕೊಂಡಿರುತ್ತದೆ. ಸುರುಳಿಯಲ್ಲಿ ಹರಿಯುವ ವಿದ್ಯುತ್ತು ಸಂಗೀತದ ಏರಿಳಿತದಂತೆ ಏರಿಳಿದಾಗ, ಕಾಂತಕ್ಷೇತ್ರವು ಅದನ್ನು ಹಿಂದುಮುಂದಕ್ಕೆ ತಳ್ಳುತ್ತದೆ. ಸುರುಳಿಗೆ ಅಂಟಿಕೊಂಡ ಶಂಕು ಗಾಳಿಯನ್ನು ತಳ್ಳುತ್ತದೆ. ಸಂದಿಯನ್ನು ಅಗಲ ಮಾಡಿದರೆ ಕಾಂತಕ್ಷೇತ್ರ ದುರ್ಬಲವಾಗುತ್ತದೆ. ತೀರ ಕಿರಿದು ಮಾಡಿದರೆ ಸುರುಳಿ ಬಿಸಿಯಾಗಿ ಹಿಗ್ಗಿದಾಗ ಗೋಡೆಗೆ ಉಜ್ಜಿ ಕರಕರ ಸದ್ದು ಮಾಡುತ್ತದೆ.

ಈ ಬಿಸಿಯ ವಿಷಯವನ್ನು ಸ್ವಲ್ಪ ವಿಸ್ತರಿಸಿ ಹೇಳಬೇಕು. ಏಕೆಂದರೆ ಮನೆಯ ಸ್ಪೀಕರಿಗೂ ಸಾವಿರಾರು ಜನರ ಸಭೆಗೆ ಬೇಕಾಗುವ ವೃತ್ತಿಪರ ಸ್ಪೀಕರಿಗೂ ಇರುವ ನಿಜವಾದ ಭೇದ ಇಲ್ಲಿದೆ. ಮನೆಯಲ್ಲಿ ಬಳಸುವ ಸಾಮಾನ್ಯ ಧ್ವನಿವರ್ಧಕವು ತನಗೆ ಬಂದ ವಿದ್ಯುಚ್ಛಕ್ತಿಯಲ್ಲಿ ಸುಮಾರು ನೂರರಲ್ಲೊಂದು ಪಾಲನ್ನು ಮಾತ್ರ ಶಬ್ದವಾಗಿ ಮಾರ್ಪಡಿಸುತ್ತದೆ. ಉಳಿದುದೆಲ್ಲ ಶಾಖವಾಗಿ ಸುರುಳಿಯಲ್ಲಿಯೇ ನಿಲ್ಲುತ್ತದೆ. ತಾಮ್ರದ ವಿದ್ಯುತ್ ನಿರೋಧವು ಉಷ್ಣತೆ ಒಂದೊಂದು ಡಿಗ್ರಿ ಸೆಲ್ಸಿಯಸ್ ಏರಿದಾಗಲೂ ಶೇಕಡಾ 0.39ರಷ್ಟು ಹೆಚ್ಚುತ್ತದೆ. ಸುರುಳಿಯ ಉಷ್ಣತೆ 20 ಡಿಗ್ರಿಯಿಂದ 220 ಡಿಗ್ರಿಗೆ ಏರಿತೆಂದರೆ ನಿರೋಧವು ಮುಕ್ಕಾಲು ಪಾಲಿಗಿಂತ ಹೆಚ್ಚು ಬೆಳೆದು, ಹರಿಯುವ ವಿದ್ಯುತ್ತು ತಗ್ಗಿ, ಕಛೇರಿಯ ಆರಂಭದಲ್ಲಿ ಗಂಭೀರವಾಗಿ ಮೊಳಗುತ್ತಿದ್ದ ಧ್ವನಿಯು ಕೊನೆಯ ಹೊತ್ತಿಗೆ ಹಲವು ಡೆಸಿಬೆಲ್ಲುಗಳಷ್ಟು ಕುಗ್ಗುತ್ತದೆ. ಆದುದರಿಂದ ವೃತ್ತಿಪರ ಧ್ವನಿವರ್ಧಕದ ವಿನ್ಯಾಸಕನ ಅರ್ಧ ಆಯುಷ್ಯವು ಶಾಖವನ್ನು ಹೊರಗೆ ಕಳಿಸುವ ಚಿಂತೆಯಲ್ಲಿಯೇ ಕಳೆಯುತ್ತದೆ: ಸುರುಳಿಯ ವ್ಯಾಸವನ್ನು ಹಿಗ್ಗಿಸುವುದು, ಕಾಂತದ ಸುತ್ತ ಗಾಳಿಯಾಡುವ ದಾರಿಗಳನ್ನು ಕೊರೆಯುವುದು, ಒಂದರ ಬದಲು ಎರಡು ಸುರುಳಿಗಳನ್ನು ಎರಡು ಸಂದಿಗಳಲ್ಲಿ ಇಟ್ಟು ಬಿಸಿಯನ್ನು ಹಂಚುವುದು. ಹೊರಗೆ ಕಾಣುವ ಕಪ್ಪು ಪೆಟ್ಟಿಗೆಯನ್ನು ನೋಡಿದವರಿಗೆ ಒಳಗಿನ ಈ ತಪಸ್ಸು ತಿಳಿಯುವುದಿಲ್ಲ.

ಸುರುಳಿಯಿಂದ ಮುಂದೆ ಶಂಕುವಿನ ಕಡೆಗೆ ಹೋಗೋಣ. ನಾವು ಕೇಳಬಲ್ಲ ಶಬ್ದಗಳಲ್ಲಿ ಅತ್ಯಂತ ತಗ್ಗಿನದು ಸೆಕೆಂಡಿಗೆ ಸುಮಾರು 20 ಕಂಪನಗಳದು. ಅದರ ಒಂದು ಅಲೆಯ ಉದ್ದ 17 ಮೀಟರ್. ಅತ್ಯಂತ ಹೆಚ್ಚಿನದು 20,000 ಕಂಪನಗಳದು. ಅದರ ಅಲೆ 17 ಮಿಲಿಮೀಟರ್ ಮಾತ್ರ. ಸಾವಿರ ಪಟ್ಟು ಅಂತರವುಳ್ಳ ಈ ಅಲೆಗಳನ್ನೆಲ್ಲ ಒಂದೇ ಶಂಕುವಿನಿಂದ ಸಮನಾಗಿ ಹೊರಡಿಸುವುದು ಪ್ರಕೃತಿನಿಯಮಕ್ಕೆ ಒಗ್ಗದ ಮಾತು. ತಗ್ಗುಸ್ವರಕ್ಕೆ ಬಹಳ ಗಾಳಿಯನ್ನು ತಳ್ಳಬಲ್ಲ ದೊಡ್ಡ ಶಂಕು ಬೇಕು. ಅದೇ ದೊಡ್ಡ ಶಂಕು ಹೆಚ್ಚುಸ್ವರದಲ್ಲಿ ಶಬ್ದವನ್ನು ಕಿರಿದಾದ ಕಿರಣವಾಗಿ ನೇರ ಮುಂದಕ್ಕೆ ಮಾತ್ರ ಎಸೆದು, ಪಕ್ಕದಲ್ಲಿ ಕುಳಿತವನಿಗೆ ಮಂಕಾದ ನಾದವನ್ನು ಕೊಡುತ್ತದೆ. ಆದುದರಿಂದಲೇ ವೂಫರು, ಟ್ವೀಟರು ಎಂದು ಕೆಲಸವನ್ನು ಹಂಚುವುದು. ಜರಡಿಯು ನುಚ್ಚನ್ನೂ ಅಕ್ಕಿಯನ್ನೂ ಬೇರ್ಪಡಿಸುವಂತೆ ವಿದ್ಯುನ್ಮಂಡಲವೊಂದು ತಗ್ಗನ್ನೂ ಹೆಚ್ಚನ್ನೂ ಬೇರ್ಪಡಿಸಿ ಅವುಗಳಿಗೆ ಕೊಡುತ್ತದೆ. ಒಂದು ಶಂಕು ಬಿಟ್ಟುಕೊಟ್ಟ ಸ್ವರವನ್ನು ಇನ್ನೊಂದು ಎತ್ತಿಕೊಳ್ಳುವ ಆ ಸಂಧಿಸ್ಥಾನದಲ್ಲಿ, ಎರಡೂ ಒಂದೇ ದಿಕ್ಕಿಗೆ, ಒಂದೇ ವಿಸ್ತಾರದಲ್ಲಿ ಶಬ್ದವನ್ನು ಹರಡುವಂತೆ ಮಾಡುವುದು ವಿನ್ಯಾಸದ ಅತಿ ಕಠಿನವಾದ ಭಾಗ.

ಕಹಳೆಯ ಮಾತು ನಮ್ಮವರಿಗೆ ಹೊಸದಲ್ಲ. ಜಾತ್ರೆಯಲ್ಲಿ, ಟೂರಿಂಗ್ ಟಾಕೀಸಿನ ಮುಂದೆ, ಮರದ ಕೊಂಬೆಗೆ ಕಟ್ಟಿದ ಬೂದುಬಣ್ಣದ ಕಹಳೆಯನ್ನು ನೋಡದ ಕನ್ನಡಿಗನಿಲ್ಲ. ಹಗುರವಾದ ಗಾಳಿಗೂ ಗಡುಸಾದ ಪಟಲಕ್ಕೂ ಒಗ್ಗಟ್ಟಿಲ್ಲದೆ ಶಕ್ತಿಯು ವ್ಯರ್ಥವಾಗುವುದನ್ನು ಕಹಳೆಯ ಕ್ರಮವಾಗಿ ಅಗಲವಾಗುವ ಆಕಾರವು ತಪ್ಪಿಸಿ, ದಕ್ಷತೆಯನ್ನು ಹಲವು ಪಟ್ಟು ಹೆಚ್ಚಿಸುತ್ತದೆ. ಊರಿನ ಕಹಳೆಯ ಕರ್ಕಶತೆಗೆ ಕಹಳೆಯ ತತ್ತ್ವವು ಕಾರಣವಲ್ಲ; ತಗ್ಗುಸ್ವರವನ್ನು ಹೊರಡಿಸಲಾರದಷ್ಟು ಚಿಕ್ಕದಾಗಿರುವುದು, ಶಕ್ತಿ ಮೀರಿ ಕೂಗಿಸುವುದು, ಇವೇ ಕಾರಣಗಳು. ಡಾನ್ ಕೀಲ್ ಎಂಬ ಎಂಜಿನಿಯರು ಜೆಬಿಎಲ್‌ಗಾಗಿ ರೂಪಿಸಿ, 1980ರ ದಶಕದ ಆರಂಭದಲ್ಲಿ ಧ್ವನಿಮುದ್ರಣಾಲಯಗಳನ್ನು ಹೊಕ್ಕ ದ್ವಿವಕ್ರದ ಕಹಳೆಯು ಎಲ್ಲ ಹೆಚ್ಚುಸ್ವರಗಳನ್ನೂ ಹೆಚ್ಚು ಕಡಿಮೆ ಒಂದೇ ಕೋನದಲ್ಲಿ ಹರಡುತ್ತಿತ್ತು.

ಜೋಡಣೆ ಮುಗಿದ ಪ್ರತಿಯೊಂದು ಧ್ವನಿವರ್ಧಕಕ್ಕೂ ತಗ್ಗಿನಿಂದ ಹೆಚ್ಚಿಗೆ ಏರುವ ಒಂದು ಉದ್ದನೆಯ ಸ್ವರವನ್ನು ಕೊಟ್ಟು, ಉಜ್ಜುವ, ಬಡಿಯುವ, ಗಾಳಿ ಸೋರುವ ಸದ್ದುಗಳಿವೆಯೇ ಎಂದು ಪರೀಕ್ಷಿಸುತ್ತಾರೆ. ಈಗ ಆ ಪರೀಕ್ಷೆಯನ್ನು ಗಣಕಯಂತ್ರ ಮಾಡಬಲ್ಲದಾದರೂ, ಅನುಭವಿಯಾದ ಕೆಲಸಗಾರನ ಕಿವಿಗೆ ಇರುವ ಮನ್ನಣೆ ಕಾರ್ಖಾನೆಗಳಲ್ಲಿ ಇಂದಿಗೂ ತಗ್ಗಿಲ್ಲ.

ಅಲ್ಲಿಂದ ಮುಂದೆ ಬರುವುದು ಪ್ರತಿಧ್ವನಿರಹಿತ ಕೋಣೆ. ಗೋಡೆ, ಚಾವಣಿ, ನೆಲ ಎಲ್ಲೆಡೆಗೂ ಶಬ್ದವನ್ನು ಹೀರುವ ಉದ್ದುದ್ದನೆಯ ಬೆಣೆಗಳನ್ನು ಹೊಂದಿಸಿ, ತಂತಿಯ ಬಲೆಯ ಮೇಲೆ ನಡೆಯುವಂತೆ ಮಾಡಿರುವ ಇಂಥ ಕೋಣೆಯಲ್ಲಿ, ಆಡಿದ ಮಾತು ಬಾಯಿಂದ ಹೊರಟ ಕೂಡಲೇ ಇಲ್ಲವಾಗುತ್ತದೆ. ಅದನ್ನು ಅನುಭವಿಸಿದಾಗಲೇ, ನಾವು ದಿನವೂ ಕೇಳುವ ಶಬ್ದದಲ್ಲಿ ಎಷ್ಟು ಪಾಲು ಗೋಡೆಗಳು ಹಿಂದಿರುಗಿಸಿದ ಶಬ್ದವೆಂಬುದು ಮನದಟ್ಟಾಗುವುದು. ನಾರ್ತ್‌ರಿಡ್ಜಿನಲ್ಲಿ ಧ್ವನಿವರ್ಧಕವನ್ನು ತಿರುಗುವ ಪೀಠದ ಮೇಲಿಟ್ಟು, ಎರಡು ಮೀಟರ್ ದೂರದಲ್ಲಿ ಮೈಕ್ರೋಫೋನನ್ನು ನಿಲ್ಲಿಸಿ, ಹತ್ತು ಹತ್ತು ಡಿಗ್ರಿಗಳ ಅಂತರದಲ್ಲಿ ಅಡ್ಡಲಾಗಿ ಒಂದು ಸುತ್ತು, ಲಂಬವಾಗಿ ಒಂದು ಸುತ್ತು ಅಳೆಯುವ ಪದ್ಧತಿ ಬೆಳೆಯಿತು. ಒಂದೊಂದು ಸುತ್ತಿಗೆ 36 ಅಳತೆಗಳು. ಮುಂದಿನ ಮತ್ತು ಹಿಂದಿನ ಬಿಂದುಗಳು ಎರಡು ಸುತ್ತಿಗೂ ಸಮಾನವಾದುದರಿಂದ ಒಟ್ಟು 70. ಇಷ್ಟೇಕೆ ಬೇಕೆಂದರೆ, ಮನೆಯಲ್ಲಿ ಕುಳಿತು ಕೇಳುವವನಿಗೆ ನೇರವಾಗಿ ಬರುವ ಶಬ್ದದ ಜೊತೆಗೆ ಪಕ್ಕದ ಗೋಡೆಗೂ ನೆಲಕ್ಕೂ ಚಾವಣಿಗೂ ತಗುಲಿ ಬರುವ ಶಬ್ದವೂ ಸೇರುತ್ತದೆ. ಆ ದಿಕ್ಕುಗಳಿಗೆ ಹೊರಟ ಶಬ್ದ ಕೆಟ್ಟದಾಗಿದ್ದರೆ ಮುಂದಿನದು ಎಷ್ಟು ಚೆನ್ನಾಗಿದ್ದರೂ ಫಲವಿಲ್ಲ.

ಅಳತೆಗಳು ಸಿದ್ಧವಾದುವು. ಆದರೆ ಯಾವ ಅಳತೆಯುಳ್ಳದ್ದು ಉತ್ತಮ ಎಂದು ತೀರ್ಪು ಕೊಡುವವರು ಯಾರು? ಈ ಪ್ರಶ್ನೆಗೆ ಉತ್ತರ ಕೊಡುವ ಸಲುವಾಗಿಯೇ ನಾರ್ತ್‌ರಿಡ್ಜಿನ ಶ್ರವಣಮಂದಿರವು ನಿರ್ಮಾಣವಾಯಿತು. ಕೆನಡಾ ದೇಶದ ರಾಷ್ಟ್ರೀಯ ಸಂಶೋಧನ ಮಂಡಲಿಯಲ್ಲಿ ಇಪ್ಪತ್ತೈದು ವರ್ಷಗಳಿಗೂ ಹೆಚ್ಚು ಕಾಲ ಈ ವಿಷಯವನ್ನೇ ವ್ಯಾಸಂಗ ಮಾಡಿದ್ದ ಫ್ಲಾಯ್ಡ್ ಟೂಲ್ ಅವರು 1991ರಲ್ಲಿ ಹರ್ಮನ್ ಸಂಸ್ಥೆಯನ್ನು ಸೇರಿದರು. ಶಾನ್ ಆಲಿವ್ ಅವರು ಅವರ ಜೊತೆಗಾರರು. ಅವರು ಕಟ್ಟಿಸಿದ ಕೋಣೆಯಲ್ಲಿ ಕೇಳುವವನ ಮುಂದೆ, ಶಬ್ದವು ಹಾಯಬಲ್ಲ ಆದರೆ ನೋಟವು ಹಾಯಲಾರದ ಒಂದು ಕಪ್ಪು ಪರದೆ. ಅದರ ಹಿಂದೆ, ಗಾಳಿಯ ಒತ್ತಡದಿಂದ ಚಲಿಸುವ ವೇದಿಕೆಯು ಒಂದು ಧ್ವನಿವರ್ಧಕವನ್ನು ಹಿಂದಕ್ಕೆ ಸರಿಸಿ ಇನ್ನೊಂದನ್ನು ಕೆಲವೇ ಸೆಕೆಂಡುಗಳಲ್ಲಿ ಅದೇ ಸ್ಥಾನಕ್ಕೆ ತಂದು ನಿಲ್ಲಿಸುತ್ತದೆ. ಸ್ಥಾನವು ಬೇರೆಯಾದರೆ ಕೋಣೆಯ ಪ್ರಭಾವವೂ ಬೇರೆಯಾಗಿಬಿಡುವುದರಿಂದ ಇಷ್ಟೊಂದು ಶ್ರಮ. ಎಲ್ಲವುಗಳ ಧ್ವನಿಮಟ್ಟವನ್ನೂ ಮೊದಲೇ ಸಮಮಾಡಿರುತ್ತಾರೆ. ಏಕೆಂದರೆ ಎರಡರಲ್ಲಿ ತುಸು ಜೋರಾಗಿ ಕೇಳಿಸಿದ್ದೇ ಉತ್ತಮವೆಂದು ಮನಸ್ಸು ಬಗೆಯುತ್ತದೆ. ಕೇಳುವವನಿಗೆ ಹೆಸರು ತಿಳಿಯದು, ಬೆಲೆ ತಿಳಿಯದು, ಗಾತ್ರ ತಿಳಿಯದು. ಅವನ ಕೈಯಲ್ಲಿರುವುದು ಅಂಕ ಕೊಡುವ ಅಧಿಕಾರವೊಂದೇ.

1994ರಲ್ಲಿ ಪ್ರಕಟವಾದ ಅವರ ಒಂದು ಪರೀಕ್ಷೆಯನ್ನು ಇಲ್ಲಿ ಹೇಳಲೇಬೇಕು. ಹರ್ಮನ್ ಸಂಸ್ಥೆಯ ನಲವತ್ತು ಮಂದಿ ನೌಕರರು ನಾಲ್ಕು ಧ್ವನಿವರ್ಧಕಗಳನ್ನು ಒಮ್ಮೆ ಕಣ್ಣಿಗೆ ಕಾಣುವಂತೆಯೂ ಒಮ್ಮೆ ಪರದೆಯ ಮರೆಯಲ್ಲಿಯೂ ಕೇಳಿದರು. ಕಂಡು ಕೇಳಿದಾಗ ದೊಡ್ಡವೂ ಸುಂದರವೂ ಬೆಲೆಯುಳ್ಳವೂ ಆದುವುಗಳಿಗೆ ಅಂಕ ಏರಿತು. ಚಿಕ್ಕದೂ ಅಗ್ಗದ್ದೂ ಆದ ಒಂದಕ್ಕೆ ಇಳಿಯಿತು. ಪರದೆ ಬಂದಾಗ ಚಿತ್ರವೇ ಬದಲಾಯಿತು. ಕಂಡು ಕೇಳಿದಾಗ ಜನರು, ಧ್ವನಿವರ್ಧಕದ ಸ್ಥಾನವನ್ನು ಬದಲಿಸಿದುದರಿಂದ ಶಬ್ದದಲ್ಲಿ ನಿಜವಾಗಿ ಉಂಟಾದ ವ್ಯತ್ಯಾಸವನ್ನು ಕೂಡ ಗಮನಿಸದೆ ಹೋದರು. ಈ ಜನ ಅಜ್ಞರಲ್ಲ, ಧ್ವನಿಯ ಉದ್ಯಮದಲ್ಲಿ ನಿರತರಾದವರು. ಮನುಷ್ಯನ ಮನಸ್ಸು ಕಣ್ಣಿನ ಸಾಕ್ಷ್ಯವನ್ನು ಕಿವಿಯ ಸಾಕ್ಷ್ಯದೊಡನೆ ಬೆರೆಸಿಯೇ ನಿರ್ಣಯಿಸುತ್ತದೆ. ಎಷ್ಟೇ ಪ್ರಾಮಾಣಿಕನಾದರೂ ಆ ಬೆರಕೆಯನ್ನು ಇಚ್ಛಾಶಕ್ತಿಯಿಂದ ತಡೆಯಲಾರ.

ಇನ್ನೊಂದು ಫಲಿತಾಂಶವು ನನ್ನ ಪಾಲಿಗೆ ಇದಕ್ಕಿಂತಲೂ ಸಂತೋಷಕರವಾದುದು. ಅಭಿರುಚಿಯು ವ್ಯಕ್ತಿಯಿಂದ ವ್ಯಕ್ತಿಗೆ ಭಿನ್ನ, ಒಬ್ಬನಿಗೆ ಹಿತವಾದುದು ಇನ್ನೊಬ್ಬನಿಗೆ ಅಹಿತ ಎಂದು ಲೋಕವು ನಂಬಿಕೊಂಡಿದೆ. ಆಲಿವ್ ಅವರು 2003ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಕೇಳುವುದರಲ್ಲಿ ಶಿಕ್ಷಿತರೂ ಅಶಿಕ್ಷಿತರೂ ಸೇರಿ 268 ಮಂದಿ, ಪರದೆಯ ಮರೆಯಲ್ಲಿ ನಾಲ್ಕು ಧ್ವನಿವರ್ಧಕಗಳನ್ನು ಕೇಳಿ ಅಂಕ ಕೊಟ್ಟರು. ಶಿಕ್ಷಿತರ ಅಂಕಗಳಲ್ಲಿ ಸ್ಪಷ್ಟತೆ ಹೆಚ್ಚು, ಚಂಚಲತೆ ಕಡಿಮೆ. ಆದರೆ ಯಾವುದು ಮೊದಲು, ಯಾವುದು ಕಡೆ ಎಂಬ ಕ್ರಮದಲ್ಲಿ ಗುಂಪುಗಳು ಬಹುಮಟ್ಟಿಗೆ ಒಂದೇ ಮಾತನ್ನು ಹೇಳಿದುವು. 2004ರಲ್ಲಿ ಅವರು 70 ಧ್ವನಿವರ್ಧಕಗಳ ಪ್ರತಿಧ್ವನಿರಹಿತ ಅಳತೆಗಳಿಂದ ಜನರ ಮೆಚ್ಚುಗೆಯನ್ನು ಮುಂಗಂಡು ಹೇಳುವ ಗಣಿತಸೂತ್ರವೊಂದನ್ನು ಕೊಟ್ಟರು. ಅದರ ಸಹಸಂಬಂಧ 0.86. ಹಾಗಾದರೆ ಜನರು ಮೆಚ್ಚಿದ್ದು ಯಾವುದನ್ನು? ಯಾವ ಸ್ವರವನ್ನೂ ಉಬ್ಬಿಸದೆ, ಯಾವುದನ್ನೂ ಅಡಗಿಸದೆ, ಎಲ್ಲ ದಿಕ್ಕಿಗೂ ಒಂದೇ ಸ್ವಭಾವದ ಶಬ್ದವನ್ನು ಕಳಿಸುವುದನ್ನು. ತನ್ನದೆಂಬ ದನಿಯಿಲ್ಲದ ಧ್ವನಿವರ್ಧಕವೇ ಶ್ರೇಷ್ಠವೆಂದು, ಸಿದ್ಧಾಂತವನ್ನರಿಯದ ಸಾಮಾನ್ಯರ ಕಿವಿಗಳು ತಾವಾಗಿಯೇ ತೀರ್ಮಾನಿಸಿದುವು.

ಇಂಥ ವಿಚಾರದಲ್ಲಿ ಭೌತವಿಜ್ಞಾನಕ್ಕೆ ಎಷ್ಟು ಅಧಿಕಾರವೋ ಮನೋವಿಜ್ಞಾನಕ್ಕೂ ಅಷ್ಟೇ. 1935ರಲ್ಲಿ ಮೈಸೂರಿನ ತಮ್ಮ ಮನೆಯಲ್ಲಿಯೇ ಬಾನುಲಿ ಕೇಂದ್ರವೊಂದನ್ನು ತೆರೆದು ನಡೆಸಿದ ಎಂ. ವಿ. ಗೋಪಾಲಸ್ವಾಮಿ ಅವರು ವೃತ್ತಿಯಿಂದ ಮನೋವಿಜ್ಞಾನದ ಪ್ರಾಧ್ಯಾಪಕರು ಎಂಬುದನ್ನು ಇಲ್ಲಿ ಸ್ಮರಿಸಬೇಕೆನಿಸುತ್ತದೆ. ಶಬ್ದವು ಗಾಳಿಯಲ್ಲಿ ಅಲೆಯಾಗಿ ಹೊರಟು ಕೇಳುವವನ ಮನಸ್ಸಿನಲ್ಲಿ ಕೊನೆಗೊಳ್ಳುತ್ತದೆ. ಆ ಕೊನೆಯ ಮೆಟ್ಟಿಲನ್ನು ಲೆಕ್ಕಕ್ಕೆ ತೆಗೆದುಕೊಳ್ಳದ ಧ್ವನಿವಿಜ್ಞಾನವು ಅರ್ಧ ವಿಜ್ಞಾನ.

ಟೂಲ್ ಅವರು ಎತ್ತಿ ತೋರಿಸಿದ ಒಂದು ವಿಷಮ ಚಕ್ರವಿದೆ. ಧ್ವನಿಮುದ್ರಣಕಾರನು ತನ್ನ ಕೋಣೆಯ ಸ್ಪೀಕರಿನಲ್ಲಿ ಕೇಳಿ ಮುದ್ರಿಕೆಯನ್ನು ತಿದ್ದುತ್ತಾನೆ. ಸ್ಪೀಕರು ತಯಾರಿಸುವವನು ಆ ಮುದ್ರಿಕೆಯನ್ನು ಕೇಳಿ ಸ್ಪೀಕರನ್ನು ತಿದ್ದುತ್ತಾನೆ. ಮೊದಲ ಸ್ಪೀಕರಿನಲ್ಲಿ ತಗ್ಗುಸ್ವರ ಕಡಿಮೆಯಿದ್ದರೆ ಮುದ್ರಿಕೆಯಲ್ಲಿ ಅದು ಹೆಚ್ಚಾಗುತ್ತದೆ; ಆ ಮುದ್ರಿಕೆಯನ್ನು ಪ್ರಮಾಣವೆಂದು ಹಿಡಿದವನ ಸ್ಪೀಕರಿನಲ್ಲಿ ಮತ್ತೆ ಕಡಿಮೆಯಾಗುತ್ತದೆ. ದೋಷವು ದೋಷವನ್ನು ಹೆರುತ್ತ ಹೋಗುವ ಈ ಚಕ್ರವನ್ನು ತುಂಡರಿಸಬೇಕಾದರೆ ಇಬ್ಬರೂ ಒಂದೇ ಅಳತೆಗೆ ಒಪ್ಪಬೇಕು. ವೃತ್ತಿಪರ ಧ್ವನಿವರ್ಧಕದ ಮಹತ್ವವು ಈ ಕಾರಣದಿಂದ ಅದು ಇರುವ ಕೋಣೆಯನ್ನು ಮೀರಿದುದು: ಧ್ವನಿಮುದ್ರಣಾಲಯದಲ್ಲಿ ಒಂದು ಸ್ಪೀಕರು ತಪ್ಪಾಗಿ ನುಡಿದರೆ, ಅಲ್ಲಿ ಮುದ್ರಿತವಾದ ಪ್ರತಿಯೊಂದು ಹಾಡೂ ಆ ತಪ್ಪನ್ನು ಲಕ್ಷಾಂತರ ಮನೆಗಳಿಗೆ ಒಯ್ಯುತ್ತದೆ.

ನಮ್ಮ ವಾದ್ಯಗಳ ವಿಷಯದಲ್ಲಿ ಇದು ವಿಶೇಷವಾಗಿ ಚಿಂತಿಸತಕ್ಕ ಸಂಗತಿ. ಸಾಮಾನ್ಯ ಚರ್ಮವಾದ್ಯದ ಉಪಸ್ವರಗಳು ಒಂದಕ್ಕೊಂದು ಹೊಂದದೆ ಬರಿಯ ಸದ್ದಾಗುತ್ತವೆ. ಆದರೆ ಮೃದಂಗದ ಬಲಂತಲೆಯ ನಡುವೆ ಬಳಿದ ಕಪ್ಪು ಕರಣೆಯು ಆ ಉಪಸ್ವರಗಳನ್ನು ಹೊಂದಿಸಿ ಅದಕ್ಕೆ ಶ್ರುತಿಯನ್ನು ಕೊಡುತ್ತದೆಂಬುದನ್ನು ಸಿ. ವಿ. ರಾಮನ್ ಅವರು 1920ರಲ್ಲಿಯೇ ತೋರಿಸಿದರು. ಬೆಂಗಳೂರಿಗೆ ಬಂದ ಮೇಲೂ ಆ ವ್ಯಾಸಂಗವನ್ನು ಮುಂದುವರಿಸಿದರು. ತಂಬೂರಿಯ ಝೇಂಕಾರವೂ ವೀಣೆಯ ಮಾಧುರ್ಯವೂ ಉಪಸ್ವರಗಳ ಸೂಕ್ಷ್ಮ ಪ್ರಮಾಣಗಳಲ್ಲಿಯೇ ಅಡಗಿವೆ. ಒಂದೆರಡು ಉಪಸ್ವರಗಳನ್ನು ತಾನಾಗಿ ಉಬ್ಬಿಸುವ ಧ್ವನಿವರ್ಧಕವು, ಮರವನ್ನೂ ಚರ್ಮವನ್ನೂ ಹದಮಾಡಿದ ಶಿಲ್ಪಿಯ ಶತಮಾನಗಳ ವಿವೇಕವನ್ನು ಅಳಿಸಿಹಾಕುತ್ತದೆ. ನಮ್ಮ ಸಂಗೀತಸಭೆಗಳಲ್ಲಿ ಮೃದಂಗವು ತಗಡಿನ ಡಬ್ಬಿಯಂತೆ ಕೇಳಿಸುವಾಗ ನಾವು ವಾದಕನನ್ನು ದೂರುವುದು ಅನ್ಯಾಯ.

ಕೋಣೆಯ ಪಾತ್ರವನ್ನೂ ಮರೆಯಲಾಗದು. 1895ರಲ್ಲಿ ಹಾರ್ವರ್ಡಿನ ಉಪನ್ಯಾಸ ಮಂದಿರವೊಂದರಲ್ಲಿ ಆಡಿದ ಮಾತು ಅರ್ಥವಾಗದಾದಾಗ, ವಾಲೇಸ್ ಸಬೀನ್ ಎಂಬ ಯುವ ಅಧ್ಯಾಪಕನು ರಾತ್ರಿಯ ಹೊತ್ತಿನಲ್ಲಿ ನಾಟಕಶಾಲೆಯ ಮೆತ್ತೆಗಳನ್ನು ಹೊತ್ತು ತಂದು ಹರಡಿ, ಶಬ್ದವು ಅಡಗಲು ಹಿಡಿಯುವ ಕಾಲವನ್ನು ಅಳೆದು ಈ ಶಾಸ್ತ್ರಕ್ಕೆ ತಳಹದಿ ಹಾಕಿದನು. ವಿಜಾಪುರದ ಗೋಳಗುಮ್ಮಟದ ಕೆಳಗೆ ಒಮ್ಮೆ ನಿಂತು ಕೂಗಿದವರಿಗೆ ಈ ಪಾಠ ಬೇಡ. ಸುಮಾರು 38 ಮೀಟರ್ ವ್ಯಾಸದ ಆ ಗುಮ್ಮಟವು ಪಿಸುಮಾತನ್ನೂ ಆಚೆಯ ಬದಿಗೆ ಮುಟ್ಟಿಸುತ್ತದೆ, ಭಾಷಣವನ್ನು ಮಾತ್ರ ಕಲಸಿಹಾಕುತ್ತದೆ. ಸಾಮಾನ್ಯ ಮನೆಯಲ್ಲಿ ಉಪದ್ರವ ಕೊಡುವುದು ತಗ್ಗುಸ್ವರಗಳು. ಐದು ಮೀಟರ್ ಉದ್ದದ ಕೋಣೆಯಲ್ಲಿ ಸೆಕೆಂಡಿಗೆ ಸುಮಾರು 34 ಕಂಪನಗಳ ಸ್ವರವು ಎರಡು ಗೋಡೆಗಳ ನಡುವೆ ಸ್ಥಾಯಿತರಂಗವಾಗಿ ನಿಂತು, ಗೋಡೆಯ ಬಳಿ ಗುಡುಗುತ್ತದೆ, ಕೋಣೆಯ ಮಧ್ಯದಲ್ಲಿ ಬಹುಮಟ್ಟಿಗೆ ಮಾಯವಾಗುತ್ತದೆ. ಇದನ್ನು ಯಾವ ಕಾರ್ಖಾನೆಯೂ ಪೆಟ್ಟಿಗೆಯೊಳಗೆ ತಿದ್ದಿ ಕಳಿಸಲಾರದು. ಸ್ಪೀಕರನ್ನೋ ಕುರ್ಚಿಯನ್ನೋ ತುಸು ಸರಿಸಿ ನೋಡುವುದು ಮನೆಯವರ ಕೆಲಸ.

ಈಗ ಈ ಕಣಿವೆಯಲ್ಲಿ ಉದ್ಯಮದ ರೂಪ ಬದಲಾಗಿದೆ. ತಯಾರಿಕೆಯ ಬಹುಭಾಗ ಮೆಕ್ಸಿಕೋ, ಚೀನಾ ಮೊದಲಾದ ದೇಶಗಳಿಗೆ ಸರಿದಿದೆ. ಹರ್ಮನ್ ಸಂಸ್ಥೆಯನ್ನು 2017ರಲ್ಲಿ ಕೊರಿಯಾದ ಸ್ಯಾಮ್‌ಸಂಗ್ ಸುಮಾರು 800 ಕೋಟಿ ಡಾಲರುಗಳಿಗೆ ಕೊಂಡುಕೊಂಡಿತು. ಅದರ ಎಂಜಿನಿಯರುಗಳಲ್ಲಿ ಹಲವರು ಬೆಂಗಳೂರಿನಲ್ಲಿದ್ದಾರೆ. ಆದರೆ ಈ ಕಣಿವೆಯಲ್ಲಿ ಬೆಳೆದ 70 ಅಳತೆಗಳ ಪದ್ಧತಿಯು ಒಂದು ಸಂಸ್ಥೆಯ ಗುಟ್ಟಾಗಿ ಉಳಿಯದೆ, ಸಿಟಿಎ–2034 ಎಂಬ ಹೆಸರಿನಿಂದ ಸಾರ್ವಜನಿಕ ಮಾನಕವಾಗಿದೆ. ಕಿವಿಯನ್ನು ಶಿಕ್ಷಿತಗೊಳಿಸಲು ಹರ್ಮನ್ನಿನ ಸಂಶೋಧಕರು ಬಳಸಿದ ಅಭ್ಯಾಸಕ್ರಮವನ್ನೂ ಸಾರ್ವಜನಿಕರಿಗೆ ಉಚಿತವಾಗಿ ಬಿಟ್ಟುಕೊಟ್ಟರು. ಇದನ್ನು ನಾನು ಈ ಕಣಿವೆಯ ಅತ್ಯುತ್ತಮ ಉತ್ಪನ್ನವೆಂದು ಎಣಿಸುತ್ತೇನೆ.

ನಮ್ಮ ಸಂಗೀತಸಭೆ, ರಂಗಮಂದಿರ, ಶಾಲೆ, ದೇವಸ್ಥಾನಗಳಿಗೆ ಧ್ವನಿವರ್ಧಕವನ್ನು ಕೊಳ್ಳುವ ಹೊಣೆ ಹೊತ್ತವರಲ್ಲಿ ನನ್ನದೊಂದು ವಿನಂತಿಯಿದೆ. ಎಷ್ಟು ವ್ಯಾಟು ಎಂಬ ಒಂದೇ ಪ್ರಶ್ನೆಗೆ ನಿಲ್ಲಬೇಡಿರಿ. ಮಾರುವವರಿಂದ ಎಲ್ಲ ದಿಕ್ಕುಗಳ ಅಳತೆಯ ರೇಖಾಚಿತ್ರವನ್ನು ಕೇಳಿ ಪಡೆಯಿರಿ. ಎರಡು ಮೂರನ್ನು ಒಂದೇ ಮಟ್ಟದ ಜೋರಿನಲ್ಲಿ, ಒಂದೇ ಸ್ಥಾನದಲ್ಲಿ, ನಡುವೆ ಒಂದು ತೆಳುವಾದ ಬಟ್ಟೆಯನ್ನು ಇಳಿಬಿಟ್ಟು, ನಿಮ್ಮ ಊರಿನ ಮೃದಂಗ ವಾದಕರನ್ನೋ ಗಾಯಕರನ್ನೋ ಪಕ್ಕದಲ್ಲಿ ಕೂರಿಸಿಕೊಂಡು ಕೇಳಿ ನೋಡಿರಿ. ಬೆಲೆಯ ಚೀಟಿಯನ್ನು ಅನಂತರ ನೋಡಿದರೆ ಸಾಕು.